ಮನೆಮಂದಿಯ ಸಂಗಡ ನೋಡುವ ನಗೆಚಿತ್ರಗಳೂ ಕಾರ್ಟೂನು ಚಿತ್ರಗಳೂ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಪರೀಕ್ಷೆ, ಶಿಸ್ತು, ಕೈಬರಹ ಇವುಗಳ ವಿಷಯವಾಗಿಯೇ ಇರುವದೆಂದು ನೀವು ನಿರೀಕ್ಷಿಸುವದು ಸಹಜವಾಗಿದೆ. ಈ ಸಾರಿ ನಾವು ಸಿನೆಮಾದ ಕುರಿತು ಬರೆಯಲಿದ್ದೇವೆಂದು ಕೇಳಿ ನಮ್ಮ ಸಹೋಪಾಧ್ಯಾಯಿನಿಯರೊಬ್ಬರು ಮುಗುಳ್ನಕ್ಕರು. ಆದರೆ ಇದಕ್ಕೆ ಕಾರಣವುಂಟು.

ಪ್ರತಿ ಸೋಮವಾರ ಮೊದಲನೆಯ ಗಂಟೆಯಲ್ಲಿ ಎಂಟನೆಯ ತರಗತಿಯ ಬಾಲಿಕೆಯರಿಂದ ಶನಿವಾರ ಆದಿತ್ಯವಾರಗಳಲ್ಲಿ ತಾವು ಮಾಡಿದ್ದನ್ನು ಹತ್ತು ಸಾಲುಗಳಲ್ಲಿ ಬರೆಯಿಸುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಭಾಷೆಯ ಅಭ್ಯಾಸಕ್ಕೋಸ್ಕರ ತೊಡಗಿದ ಈ ಪದ್ಧತಿಯು ಮನೆಮನೆಗಳ ಕಿಟಿಕಿಯನ್ನೇ ನಮಗೆ ತೆರೆದು ತೋರಿಸುತ್ತದೆ. ಹೆಚ್ಚು ಕಡಿಮೆ ಎಲ್ಲರೂ ಬರೆಯುವದು ಸಿನೆಮಾ ನೋಡಿದೆನೆಂದೇ. ಯಾರ ಸಂಗಡ ನೋಡಿದಿರಿ ಎಂದು ನಾವು ಒಂದು ದಿನ ಕೇಳಿದೆವು. ಒಬ್ಬ ಹುಡುಗಿಯು ಎದ್ದು ನಿಂತು, "ಮನೆಯಲ್ಲಿ ನಾವು ನಾಲ್ಕು ಮಂದಿ ಇದ್ದೇವೆ ಮೇಡಂ, ನಾಲ್ಕು ಫೋನುಗಳಿವೆ, ನಾಲ್ಕು ಸಿನೆಮಾ ನೋಡಿದೆವು" ಎಂದಳು. ಅವಳ ಮಾತಿನಲ್ಲಿ ದುಃಖವೇನೂ ಇರಲಿಲ್ಲ; ಮನೆಯ ಅನುಕೂಲತೆಯನ್ನು ತಿಳಿಸುವವಳ ಹಾಗೆ ಹೇಳಿದಳು. ಅವಳ ಪಕ್ಕದಲ್ಲಿ ಕುಳಿತಿದ್ದವಳು ಮಾತ್ರ ತನ್ನ ಅಜ್ಜನು ಒಂದು ಬೆಕ್ಕು ಇಲಿಗಳ ಕಾರ್ಟೂನು ನೋಡುವಾಗ ನಕ್ಕು ನಕ್ಕು ಹಲ್ಲಿನ ಸೆಟ್ಟು ಜಾರಿ ಬಿದ್ದದ್ದನ್ನು ಬರೆದಿದ್ದಳು. ಆ ಹತ್ತು ಸಾಲುಗಳನ್ನು ಓದಿದಾಗ ಇಡೀ ತರಗತಿಯೇ ನಕ್ಕಿತು. ನಾಲ್ಕು ಫೋನುಗಳ ಮನೆಯ ಹುಡುಗಿಗೆ ಬರೆಯಲು ಚಿತ್ರದ ಹೆಸರಿನ ಹೊರತು ಬೇರೇನೂ ದೊರೆತಿರಲಿಲ್ಲ.

ನಗೆಯೆಂಬದು ಒಂಟಿಯಾಗಿ ಬದುಕುವ ವಸ್ತುವಲ್ಲ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಬಹು ದಿವಸ ಪರಿಶೀಲಿಸಿ, ಮನುಷ್ಯರು ಒಬ್ಬೊಬ್ಬರಾಗಿ ಇರುವಾಗ ನಗುವದಕ್ಕಿಂತ ಸುಮಾರು 30 ಪಟ್ಟು ಹೆಚ್ಚಾಗಿ ಇತರರ ಸಂಗಡ ಇರುವಾಗ ನಗುತ್ತಾರೆಂದು ಕಂಡುಕೊಂಡರು. ಅಜ್ಜಿ ನಕ್ಕಳೆಂದು ಮಗು ನಗುವದು, ಮಗು ನಕ್ಕಿತೆಂದು ತಂದೆ ನಗುವದು, ಇವರೆಲ್ಲ ಯಾಕೆ ನಗುತ್ತಾರೆಂದು ಅಡಿಗೆಮನೆಯಿಂದ ಇಣುಕಿದ ತಾಯಿಯೂ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ನಗುವದು, ಇದನ್ನು ತಿಳಿಯಲಿಕ್ಕೆ ಶಾಸ್ತ್ರಜ್ಞರು ಬೇಕಾಗಿರಲಿಲ್ಲವೆಂದು ನೀವು ಹೇಳಬಹುದು. ಆದಾಗ್ಯೂ ಲೆಕ್ಕವು ಕೈಯಲ್ಲಿದ್ದರೆ ಗಣಿತದ ಉಪಾಧ್ಯಾಯಿನಿಯರೂ ನಮ್ಮ ಮಾತನ್ನು ಒಪ್ಪುವರು.

ಕಾರ್ಟೂನು ಚಿತ್ರಗಳನ್ನು ಮಕ್ಕಳ ಸಂಗಡ ನೋಡುವ ಹಿರಿಯರು ಅವು ಹೇಗೆ ಉಂಟಾಗುತ್ತವೆಂಬದನ್ನು ಸ್ವಲ್ಪವಾದರೂ ತಿಳಿದಿರುವದು ಒಳ್ಳೇದು. ಆನಿಮೇಶನ್ ಎಂಬ ಮಾತಿಗೆ ಪ್ರಾಣ ತುಂಬುವದೆಂದು ಅರ್ಥ. ನಿಜ ನೋಡಿದರೆ ಪರದೆಯ ಮೇಲೆ ಯಾವದೂ ಚಲಿಸುವದಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 24 ಸ್ಥಿರಚಿತ್ರಗಳು ಒಂದರ ಹಿಂದೆ ಒಂದಾಗಿ ತೋರಿ ಮರೆಯಾಗುತ್ತವೆ. ಒಂದಕ್ಕೂ ಮುಂದಿನದಕ್ಕೂ ಇರುವ ಅಲ್ಪ ವ್ಯತ್ಯಾಸವನ್ನು ನಮ್ಮ ಮನಸ್ಸು ತಾನೇ ಹೊಲಿದು ಚಲನೆಯನ್ನಾಗಿ ಮಾಡಿಕೊಳ್ಳುತ್ತದೆ. ಇದನ್ನು ಪ್ರತ್ಯಕ್ಷವಾಗಿ ತೋರಿಸಲು ಒಂದು ಹಳೆಯ ನೋಟು ಪುಸ್ತಕ ಸಾಕು. ಪುಟಗಳ ಮೂಲೆಗಳಲ್ಲಿ ಮೇಲಿನಿಂದ ಬೀಳುವ ಚೆಂಡನ್ನು ಪುಟಕ್ಕೊಂದರಂತೆ ಬರೆದು ಹೆಬ್ಬೆರಳಿನಿಂದ ಸರ್ರನೆ ಬಿಡಬೇಕು. ನಮ್ಮ ಬಾಲಿಕೆಯರು ಮೊದಲ ಸಲ ಬರೆದಾಗ ಚೆಂಡುಗಳ ನಡುವೆ ಸಮನಾದ ಅಂತರವನ್ನು ಇಟ್ಟರು. ಚೆಂಡು ನೆಲಕ್ಕೆ ಬೀಳದೆ ನೂಲು ಕಟ್ಟಿ ಇಳಿಸಿದ ಹಾಗೆ ಮೆಲ್ಲನೆ ಇಳಿಯಿತು. ಬೀಳುವ ವಸ್ತುವಿನ ವೇಗವು ಕ್ಷಣಕ್ಷಣಕ್ಕೂ ಹೆಚ್ಚುವದರಿಂದ ಅಂತರವನ್ನೂ ಹಾಗೆಯೇ ಹೆಚ್ಚಿಸುತ್ತ ಹೋಗಬೇಕೆಂದು ಅವರೇ ಕಂಡುಕೊಂಡರು. ನೆಲಕ್ಕೆ ತಗಲುವ ಪುಟದಲ್ಲಿ ಚೆಂಡನ್ನು ರೊಟ್ಟಿಯಂತೆ ತುಸು ಚಪ್ಪಟೆಯಾಗಿ ಬರೆದವಳ ಪುಸ್ತಕವೇ ಎಲ್ಲರಿಗಿಂತ ಚೆನ್ನಾಗಿ ಪುಟಿಯಿತು. ಕಾರ್ಟೂನು ಬರೆಯುವವರ ದೊಡ್ಡ ರಹಸ್ಯಗಳಲ್ಲಿ ಇದೊಂದು. ಪ್ರಕೃತಿಯ ನಿಯಮವನ್ನು ಚೆನ್ನಾಗಿ ಅರಿತವರಿಗೆ ಮಾತ್ರ ಅದನ್ನು ನಗೆಗಾಗಿ ಮುರಿಯಲು ಬರುತ್ತದೆ. ಬಂಡೆಯಂಚು ದಾಟಿ ಗಾಳಿಯಲ್ಲಿ ಓಡುವ ಪ್ರಾಣಿಯು ಕೆಳಗೆ ನೋಡಿದ ಮೇಲೆಯೇ ಬೀಳುವದನ್ನು ಕಂಡು ನಾವು ನಗುವದು, ನಿಜವಾದ ಬೀಳುವಿಕೆ ಹೇಗಿರುತ್ತದೆಂದು ನಮಗೆ ಗೊತ್ತಿರುವದರಿಂದಲೇ.

ಇನ್ನು ಶ್ರಮದ ಲೆಕ್ಕ. ಅಮೆರಿಕದ ವಾಲ್ಟ್ ಡಿಸ್ನಿಯವರ ಸಂಸ್ಥೆಯಿಂದ 1937ರಲ್ಲಿ ಹೊರಟ 'ಸ್ನೋ ವೈಟ್' ಎಂಬ ಚಿತ್ರವು 83 ನಿಮಿಷ ನಡೆಯುತ್ತದೆ. ಸೆಕೆಂಡಿಗೆ 24ರಂತೆ ಗುಣಿಸಿದರೆ 1,19,520 ಚಿತ್ರಗಳಾದವು. ಒಂದೇ ಬರಹವನ್ನು ಎರಡೆರಡು ಸಲ ತೋರಿಸುವ ಉಪಾಯವುಂಟು. ಆದರೆ ಒಂದು ನೋಟದಲ್ಲಿ ಏಳು ಮಂದಿ ಕುಳ್ಳರಿದ್ದರೆ ಏಳು ಮಂದಿಯನ್ನೂ ಬರೆಯಲೇಬೇಕಷ್ಟೆ. ಚಿತ್ರಗಾರರು ಪೆನ್ಸಿಲಿನಿಂದ ಕಾಗದದಲ್ಲಿ ಬರೆದದ್ದನ್ನು ಸೆಲ್ ಎಂಬ ಪಾರದರ್ಶಕ ಹಾಳೆಗೆ ಮಸಿಯಿಂದ ಎತ್ತಿ, ಹಿಂಭಾಗದಿಂದ ಬಣ್ಣ ತುಂಬಿದವರು ಬಹುತೇಕ ತರುಣಿಯರು. ಕೈ ನಡುಗಿದರೆ ಪರದೆಯ ಮೇಲೆ ಗೆರೆಯೂ ನಡುಗುತ್ತಿತ್ತು. ಇಂಥ ಕೈಗಳ ಹೆಸರುಗಳು ಆ ಚಿತ್ರದ ಆರಂಭದ ಪಟ್ಟಿಯಲ್ಲಿ ಇಲ್ಲ. ಪಾತ್ರಗಳಿಗೆ ಚಲನೆ ಕೊಡುವ ಮುಖ್ಯವಾದ ಕೆಲಸವನ್ನು ಅಲ್ಲಿ ಆಗ ಹೆಂಗಸರಿಗೆ ಕೊಡುತ್ತಿರಲಿಲ್ಲ. ಅದಕ್ಕಾಗಿ ಅರ್ಜಿ ಹಾಕಿದ ಹುಡುಗಿಯರಿಗೆ ಇಲ್ಲವೆಂಬ ಪತ್ರವೇ ಹೋಗುತ್ತಿತ್ತು. 1942ರ 'ಬ್ಯಾಂಬಿ' ಚಿತ್ರದಲ್ಲಿ ರೆಟ್ಟಾ ಸ್ಕಾಟ್ ಎಂಬಾಕೆಯ ಹೆಸರು ಚಲನಚಿತ್ರಕಾರರ ಸಾಲಿನಲ್ಲಿ ಮೊದಲ ಬಾರಿಗೆ ಕಾಣಿಸಿತು. ಜಿಂಕೆಯನ್ನು ಅಟ್ಟಿಸಿಕೊಂಡು ಬರುವ ಭಯಂಕರವಾದ ಬೇಟೆನಾಯಿಗಳನ್ನು ಬರೆದವರು ಆಕೆಯೇ. ಹೆಣ್ಣುಮಕ್ಕಳು ಹೂವು ಚಿಟ್ಟೆಗಳನ್ನೇ ಬರೆಯಬೇಕೆನ್ನುವವರು ಇದನ್ನು ಗಮನಿಸಬೇಕು.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ಹತ್ತಿರವಾದ ಇನ್ನೊಂದು ಸಂಗತಿಯುಂಟು. ಸ್ನೋ ವೈಟಿಗೆ ಹನ್ನೊಂದು ವರುಷ ಮೊದಲೇ, 1926ರಲ್ಲಿ, ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ತರುಣಿಯು 'ರಾಜಕುಮಾರ ಅಹಮದನ ಸಾಹಸಗಳು' ಎಂಬ ಚಿತ್ರವನ್ನು ಮಾಡಿ ಮುಗಿಸಿದರು. ಇಂದಿಗೆ ಉಳಿದಿರುವ ದೀರ್ಘ ಆನಿಮೇಶನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಆಕೆಯ ಆಯುಧವು ಕತ್ತರಿ. ಕಪ್ಪು ಕಾಗದವನ್ನು ಕತ್ತರಿಸಿ, ಕೈಕಾಲುಗಳ ಸಂದುಗಳನ್ನು ತಂತಿಯಿಂದ ಕೂಡಿಸಿ, ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಅವುಗಳನ್ನು ಮಲಗಿಸಿ, ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು ಫೋಟೋ, ಹೀಗೆ ಮೂರು ವರುಷ ದುಡಿದರು. ಆಗ ಆಕೆಗೆ ಮೂವತ್ತು ವರುಷವೂ ತುಂಬಿರಲಿಲ್ಲ.

ಈ ನೆರಳಿನ ಬೊಂಬೆಗಳ ವಿಷಯ ಓದುವಾಗ ನಮ್ಮ ಕನ್ನಡನಾಡಿನವರಿಗೆ ಏನು ನೆನಪಾಗಬೇಕು? ನಮ್ಮ ತೊಗಲು ಬೊಂಬೆಯಾಟವಲ್ಲವೇ? ಹದ ಮಾಡಿ ತೆಳ್ಳಗೆ ಮಾಡಿದ ಆಡಿನ ತೊಗಲು, ಅದಕ್ಕೆ ಕೆಂಪು ಹಸುರು ಕಪ್ಪು ಬಣ್ಣಗಳು, ಉಳಿಯಿಂದ ಕೊರೆದ ಸಣ್ಣ ರಂಧ್ರಗಳು, ಮುಂದೆ ಬಿಳಿಯ ಪರದೆ, ಹಿಂದೆ ಎಣ್ಣೆಯ ದೀಪ. ಊರಿಗೆ ಊರೇ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬಂದು, ಚಾಪೆ ಕಂಬಳಿ ಹಾಸಿಕೊಂಡು ರಾತ್ರಿಯೆಲ್ಲಾ ಕುಳಿತು ರಾಮಾಯಣ ಭಾರತಗಳ ಕಥೆಗಳನ್ನು ಆ ಪರದೆಯ ಮೇಲೆ ನೋಡುತ್ತಿತ್ತು. ಕಥೆಯು ಭಾರವಾದಾಗ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಬಂದು ಹಾಸ್ಯ ಮಾಡಿ ಹೋಗುತ್ತಿದ್ದರು. ಹಾಗಾದರೆ ಕುಟುಂಬವೆಲ್ಲಾ ಒಂದೇ ಪರದೆಯ ಮುಂದೆ ಕುಳಿತು ಚಲಿಸುವ ಚಿತ್ರಗಳನ್ನು ನೋಡಿ ನಗುವದು ವಿದೇಶದಿಂದ ಬಂದ ಹೊಸ ಚಾಳಿಯೆಂದು ಹೇಳುವ ಹಿರಿಯರು ತಪ್ಪು ಹೇಳುತ್ತಾರೆ. ಬೇರೆ ಬೇರೆ ಕೋಣೆಗಳಲ್ಲಿ ನೋಡುವದೇ ಹೊಸ ಚಾಳಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಎಂಬ ವೃದ್ಧೆಯು ಬಾಲ್ಯದಿಂದ ಈ ಬೊಂಬೆಗಳನ್ನು ಆಡಿಸಿಕೊಂಡು ಬಂದವರು. 2025ರಲ್ಲಿ ಭಾರತ ಸರಕಾರವು ಆಕೆಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಆಗ ಆಕೆಗೆ ತೊಂಬತ್ತು ದಾಟಿತ್ತು. ಈ ಸುದ್ದಿಯನ್ನು ನಾವು ಪ್ರಾರ್ಥನಾ ಸಭೆಯಲ್ಲಿ ಓದಿ ಹೇಳಿದಾಗ ಹಿಂದಿನ ಸಾಲಿನ ಹುಡುಗಿಯರು ಸಹ ಪಿಸುಮಾತು ನಿಲ್ಲಿಸಿದರು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ದೂರದರ್ಶನದಲ್ಲಿ ಹಕ್ಕಿಗಳೆಲ್ಲಾ ಕೂಡಿ ಬೇಡನ ಬಲೆಯನ್ನೇ ಹೊತ್ತುಕೊಂಡು ಹಾರಿಹೋಗುವ ಒಂದು ಸಣ್ಣ ಹಿಂದೀ ಕಾರ್ಟೂನನ್ನು ನೋಡಿದ ನೆನಪು ಇಟ್ಟುಕೊಂಡಿರಬಹುದು. 'ಏಕ್ ಅನೇಕ್ ಔರ್ ಏಕ್ತಾ' ಎಂಬ ಅದು 1974ರದು. ಅದನ್ನು ಮಾಡಿಸಿದವರು ವಿಜಯಾ ಮುಳೆಯವರು, ಚಿತ್ರ ಬರೆಯಿಸಿದವರು ಭೀಮಸೇನರು. ಅಕ್ಕನೊಬ್ಬಳು ತಮ್ಮಂದಿರಿಗೂ ತಂಗಿಯರಿಗೂ ಒಂದು ಎಂಬದಕ್ಕೂ ಅನೇಕ ಎಂಬದಕ್ಕೂ ವ್ಯತ್ಯಾಸವನ್ನು ಹೇಳಿಕೊಡುವ ಕಥೆ. ಆ ಹಾಡನ್ನು ಇಂದಿಗೂ ಅಮ್ಮಂದಿರು ಗುನುಗುವದನ್ನು ನಾವು ಕೇಳಿದ್ದೇವೆ. ಅದನ್ನು ಮಕ್ಕಳಿಗೆ ಹುಡುಕಿ ತೋರಿಸಿರಿ. ಏಳೆಂಟು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯುವದಿಲ್ಲ. 1995ರ 'ಟಾಯ್ ಸ್ಟೋರಿ'ಯಿಂದ ಈಚೆಗೆ ಕಂಪ್ಯೂಟರಿನಲ್ಲಿಯೇ ಇಡೀ ಚಿತ್ರವನ್ನು ಮಾಡುವ ಪದ್ಧತಿ ಬಂದಿದೆ. ಆ ವಿದ್ಯೆಯನ್ನು ನಮಗಿಂತ ನಿಮ್ಮ ಮಕ್ಕಳೇ ಚೆನ್ನಾಗಿ ವಿವರಿಸಬಲ್ಲರು.

ಈಗ ನಗೆಚಿತ್ರಗಳ ವಿಷಯಕ್ಕೆ ಬರೋಣ. ಮೂರು ತಲೆಮಾರಿನವರು ಒಟ್ಟಿಗೆ ಕುಳಿತು ನೋಡುವದಕ್ಕೆ ಭಾಷೆಯ ಅಡ್ಡಿಯಿಲ್ಲದ ಚಿತ್ರಗಳು ಬೇಕೆನ್ನುವವರಿಗೆ ನಾವು ಚಾರ್ಲಿ ಚಾಪ್ಲಿನರ ಮೂಕಚಿತ್ರಗಳನ್ನೇ ಮೊದಲು ಹೇಳುತ್ತೇವೆ. ನಮ್ಮ ತಾಯಿಯವರಿಗೆ ಇಂಗ್ಲಿಷು ಬಾರದು, ಕಿವಿಯೂ ಮಂದ. ಆದರೂ ಒಂದು ಶನಿವಾರ ಸಾಯಂಕಾಲ 1921ರ 'ದಿ ಕಿಡ್' ಚಿತ್ರವನ್ನು ಹಾಕಿದಾಗ ನಮ್ಮೆಲ್ಲರಿಗಿಂತ ಮೊದಲು ನಕ್ಕವರು ಅವರೇ. ಬಡ ಅಲೆಮಾರಿಯೊಬ್ಬನಿಗೆ ಬೀದಿಯಲ್ಲಿ ಕೂಸೊಂದು ಸಿಗುತ್ತದೆ. ಅವನು ಅದನ್ನು ಸಾಕುತ್ತಾನೆ. ಹುಡುಗನು ಐದು ವರುಷದವನಾದ ಮೇಲೆ ಇಬ್ಬರೂ ಕೂಡಿ ಒಂದು ವ್ಯಾಪಾರ ತೊಡಗುತ್ತಾರೆ: ಹುಡುಗನು ಮುಂದೆ ಹೋಗಿ ಕಲ್ಲೆಸೆದು ಕಿಟಿಕಿ ಒಡೆಯುವದು, ಸ್ವಲ್ಪ ಹೊತ್ತಿನ ಮೇಲೆ ಚಾರ್ಲಿಯು ಗಾಜು ಹೊತ್ತುಕೊಂಡು ಏನೂ ಅರಿಯದವನಂತೆ ಆ ಬೀದಿಗೆ ಬರುವದು. ಅನಾಥಾಲಯದವರು ಹುಡುಗನನ್ನು ಎಳೆದು ವಾಹನಕ್ಕೆ ಹಾಕಿದಾಗ ಅವನು ಕೈಚಾಚಿ ಅಳುವದನ್ನು ಕಂಡು ಆಗಷ್ಟೇ ನಗುತ್ತಿದ್ದ ನಮ್ಮ ತಾಯಿಯವರು ಸೆರಗಿನಿಂದ ಕಣ್ಣೊರಸಿಕೊಂಡರು. ಚಾರ್ಲಿಯು ಮನೆಗಳ ಮಾಡುಗಳ ಮೇಲಿನಿಂದ ಓಡಿ ಹೋಗಿ ಹುಡುಗನನ್ನು ಬಿಡಿಸಿಕೊಂಡ ಮೇಲೆಯೇ ಕಾಫಿಯ ಲೋಟಕ್ಕೆ ಕೈ ಹಾಕಿದರು.

ಆ ಅಳುವು ಎಲ್ಲಿಂದ ಬಂತೆಂಬದನ್ನು ಮಕ್ಕಳಿಗೆ ಹೇಳಬೇಕು. 1889ರಲ್ಲಿ ಲಂಡನಿನಲ್ಲಿ ಹುಟ್ಟಿದ ಚಾಪ್ಲಿನರು ಏಳು ವರುಷದವರಾಗಿದ್ದಾಗ, ಬಡತನದ ದೆಸೆಯಿಂದ ತಾಯಿಯೊಡನೆಯೂ ಅಣ್ಣನೊಡನೆಯೂ ಬಡವರ ದುಡಿಮೆಮನೆಯನ್ನು ಸೇರಬೇಕಾಯಿತು; ಅಲ್ಲಿ ತಾಯಿಯನ್ನೂ ಮಕ್ಕಳನ್ನೂ ಬೇರೆ ಬೇರೆ ಇಟ್ಟರು. ಈ ಚಿತ್ರವನ್ನು ತೊಡಗುವದಕ್ಕೆ ಸ್ವಲ್ಪ ಮುಂಚೆ 1919ರಲ್ಲಿ ಅವರ ಮೊದಲನೆಯ ಕೂಸು ಹುಟ್ಟಿದ ಮೂರು ದಿನಗಳಲ್ಲಿ ತೀರಿಕೊಂಡಿತು. ಹುಡುಗನಾಗಿ ಅಭಿನಯಿಸಿದ ಜ್ಯಾಕಿ ಕೂಗನ್ ಎಂಬ ಬಾಲಕನ ಕಥೆಯಂತೂ ತಾಯ್ತಂದೆಗಳು ಕೇಳತಕ್ಕದ್ದು. ಅವನು ಲೋಕಪ್ರಸಿದ್ಧನಾಗಿ ಲಕ್ಷಾಂತರ ಡಾಲರು ಸಂಪಾದಿಸಿದನು. ಪ್ರಾಯಕ್ಕೆ ಬಂದು ಕೇಳಿದಾಗ ಹಣವೆಲ್ಲಾ ಹೆತ್ತವಳ ಮತ್ತು ಮಲತಂದೆಯ ಕೈಯಲ್ಲಿ ಕರಗಿಹೋಗಿತ್ತು. ಅವನು 1938ರಲ್ಲಿ ನ್ಯಾಯಾಲಯಕ್ಕೆ ಹೋದನು. ಅದರ ಫಲವಾಗಿ 1939ರಲ್ಲಿ, ನಟಿಸುವ ಮಕ್ಕಳ ಗಳಿಕೆಯಲ್ಲಿ ಒಂದು ಪಾಲನ್ನು ಅವರಿಗಾಗಿಯೇ ಕಾದಿಡಬೇಕೆಂಬ ಕಾಯಿದೆಯು ಕ್ಯಾಲಿಫೋರ್ನಿಯಾದಲ್ಲಿ ಉಂಟಾಯಿತು. ಅದಕ್ಕೆ ಇಂದಿಗೂ ಅವನ ಹೆಸರೇ ಇದೆ. ಮಕ್ಕಳನ್ನು ಕುಣಿಸಿ ಫೋನಿನಲ್ಲಿ ಚಿತ್ರ ತೆಗೆದು ಲೋಕಕ್ಕೆಲ್ಲಾ ಹಂಚುವ ಈ ಕಾಲದಲ್ಲಿ ಇದನ್ನು ನೆನೆಸಿದರೆ ಒಳ್ಳೇದೆಂದು ನಮಗೆ ತೋರುತ್ತದೆ.

ಕನ್ನಡದಲ್ಲಿ ಕುಟುಂಬವು ಕೂಡಿ ನೋಡತಕ್ಕ ನಗೆಚಿತ್ರಗಳಿಗೆ ಕೊರತೆಯಿಲ್ಲ. ನಾಟಕದ ಕಂಪನಿಗಳಲ್ಲಿ ಪಳಗಿ 1954ರ 'ಬೇಡರ ಕಣ್ಣಪ್ಪ'ದಿಂದ ಪ್ರಸಿದ್ಧರಾದ ನರಸಿಂಹರಾಜರ ಹೆಸರನ್ನು ಹೇಳಿದರೆ ಸಾಕು, ಅಜ್ಜಅಜ್ಜಿಯರ ಮುಖ ಅರಳುತ್ತದೆ. 1982ರ 'ಹಾಸ್ಯರತ್ನ ರಾಮಕೃಷ್ಣ', ವಠಾರದ ಮನೆಯೊಡೆಯನಿಗೂ ಬಾಡಿಗೆದಾರರಿಗೂ ನಡೆಯುವ ಜಗಳಗಳನ್ನು ತೋರಿಸುವ 1990ರ 'ಗಣೇಶನ ಮದುವೆ', ಇವು ನಮ್ಮ ಮನೆಯಲ್ಲಿ ಎಷ್ಟು ಸಲ ನಡೆದಿವೆಯೋ ಲೆಕ್ಕವಿಲ್ಲ.

ಆದರೆ ಎಲ್ಲಾ ನಗೆಯೂ ಒಂದೇ ಜಾತಿಯದಲ್ಲ. ಈ ಲೇಖನಕ್ಕೆ ನಿಜವಾದ ಕಾರಣವೂ ಇದೇ. ಎರಡು ವರುಷಗಳ ಹಿಂದೆ ಒಂದು ಆದಿತ್ಯವಾರ ನಾವು ಮನೆಯವರ ಸಂಗಡ ಒಂದು ನಗೆಚಿತ್ರವನ್ನು ನೋಡಿದೆವು. ಅದರಲ್ಲಿ ಮಾತು ತೊದಲುವ ಒಬ್ಬ ಸೇವಕನಿದ್ದನು. ಅವನು ಬಾಯಿ ತೆರೆದಾಗಲೆಲ್ಲಾ ಯಜಮಾನನು ಅಣಕಿಸುತ್ತಿದ್ದನು. ನಾವೂ ನಕ್ಕೆವು, ಅದನ್ನು ಮರೆಮಾಡುವದಿಲ್ಲ. ಮಾರನೆಯ ದಿನ ಊಟದ ಬಿಡುವಿನಲ್ಲಿ ಆ ಅಣಕವು ನಮ್ಮ ಅಂಗಳದಲ್ಲಿ ಕೇಳಿಸಿತು. ಹುಡುಗಿಯರ ಒಂದು ಗುಂಪು ಅದನ್ನು ಅಚ್ಚುಕಟ್ಟಾಗಿ ಕಲಿತುಕೊಂಡು ಬಂದಿತ್ತು. ಗುಂಪಿನ ನಡುವೆ ನಮ್ಮ ಶಾಲೆಯ ಒಬ್ಬ ಬಾಲಿಕೆ ನಿಂತಿದ್ದಳು. ಅವಳಿಗೂ ಕೆಲವು ಅಕ್ಷರಗಳು ಬೇಗ ಹೊರಡುವದಿಲ್ಲ. ಅವಳೂ ನಗುತ್ತಿದ್ದಳು. ಉಪಾಧ್ಯಾಯಿನಿಯಾಗಿ ಇಪ್ಪತ್ತು ವರುಷ ಕಳೆದ ನಮಗೆ ಆ ನಗೆಯ ಅರ್ಥ ತಿಳಿಯಲಿಲ್ಲವೆಂದು ಹೇಳಲಾರೆವು. ಆ ದಿನದಿಂದ ಅವಳು ತರಗತಿಯಲ್ಲಿ ಗಟ್ಟಿಯಾಗಿ ಓದುವದನ್ನು ಬಿಟ್ಟಳು. ಮತ್ತೆ ಓದುವಂತಾಗಲು ಒಂದು ವರುಷವೇ ಹಿಡಿಯಿತು. ಹುಡುಗಿಯರನ್ನು ಗದರಿಸಲಿಕ್ಕೆ ಕೋಣೆಗೆ ಕರೆದೆವು. ಆದರೆ ಅದೇ ದೃಶ್ಯಕ್ಕೆ ಹಿಂದಿನ ಸಾಯಂಕಾಲ ನಾವೇ ನಕ್ಕದ್ದು ನೆನಪಾಗಿ ಗದರಿಕೆಯ ಮಾತು ನಾಲಿಗೆಗೆ ಬರಲಿಲ್ಲ. ನಾವೂ ನಕ್ಕೆವೆಂದು ಅವರಿಗೆ ಹೇಳಿದೆವು. ಬಳಿಕ ಎಲ್ಲರೂ ಕುಳಿತು ಮಾತಾಡಿದೆವು.

ಆ ಮಾತುಕತೆಯಲ್ಲಿ ಹೊರಟ ಒಂದು ಪ್ರಶ್ನೆಯನ್ನು ಈಗ ನಮ್ಮ ಮನೆಯಲ್ಲಿಯೂ ಕೇಳುತ್ತೇವೆ: ಈ ನಗೆಯಲ್ಲಿ ಬಿದ್ದವನು ಯಾರು? ಚಾಪ್ಲಿನರ ಚಿತ್ರದಲ್ಲಿ ಸಾಮಾನ್ಯವಾಗಿ ಬೀಳುವವನು ಗದೆಯಂಥ ಕೋಲು ಹಿಡಿದ ಪೋಲೀಸನು, ಇಲ್ಲವೆ ಹೊಟ್ಟೆ ತುಂಬಿದ ಶ್ರೀಮಂತನು. ಇಲ್ಲವೆ ಚಾರ್ಲಿಯು ತಾನೇ ಬಿದ್ದು ತಾನೇ ಟೊಪ್ಪಿ ಸರಿಮಾಡಿಕೊಳ್ಳುತ್ತಾನೆ. ತೆನಾಲಿ ರಾಮಕೃಷ್ಣನ ಕಥೆಗಳಲ್ಲಿ ಪೆಚ್ಚಾಗುವವನು ಅಧಿಕಾರದಲ್ಲಿರುವವನೇ. ಮೈಬಣ್ಣ, ದಪ್ಪ ಮೈ, ತೊದಲು, ಕುಂಟು, ಬಡತನ ಇವುಗಳ ಮೇಲೆ ಬಿದ್ದ ನಗೆಯು ಪರದೆಯಲ್ಲಿ ನಿಲ್ಲದೆ ಸೋಮವಾರ ಶಾಲೆಗೆ ಬರುತ್ತದೆ. ಒಬ್ಬೊಬ್ಬರೇ ಫೋನಿನಲ್ಲಿ ನೋಡುವ ಮಕ್ಕಳಿಗೆ ಈ ಪ್ರಶ್ನೆಯನ್ನು ಕೇಳುವವರು ಯಾರು? ತಂದೆಯು ನಗದೆ ಸುಮ್ಮನಿದ್ದರೆ ಸಾಕು, ಪಕ್ಕದಲ್ಲಿ ಕುಳಿತ ಮಗುವು ಒಮ್ಮೆ ತಿರುಗಿ ನೋಡುತ್ತದೆ. ಉಪನ್ಯಾಸದ ಅಗತ್ಯವಿಲ್ಲ. ಚಿತ್ರವನ್ನು ಹತ್ತು ಸಲ ನಿಲ್ಲಿಸಿ ಬುದ್ಧಿ ಹೇಳುವ ತಾಯ್ತಂದೆಗಳ ಸಂಗಡ ಯಾವ ಮಗುವೂ ಎರಡನೆಯ ಶನಿವಾರ ಕುಳಿತುಕೊಳ್ಳುವದಿಲ್ಲ.

ಇನ್ನೊಂದು ಎಚ್ಚರಿಕೆಯುಂಟು. ಬರೆದ ಚಿತ್ರವೆಂದ ಮಾತ್ರಕ್ಕೆ ಅದು ಕೂಸುಗಳಿಗೆ ತಕ್ಕದ್ದೆಂದು ಎಣಿಸಬಾರದು. ಜಪಾನಿನ ಒಂದೇ ಸಂಸ್ಥೆಯು 1988ರಲ್ಲಿ ಒಂದೇ ದಿನ ಎರಡು ಚಿತ್ರಗಳನ್ನು ಜೋಡಿಯಾಗಿ ಹೊರತಂದಿತು. ಮಿಯಾಜಾಕಿಯವರ 'ಮೈ ನೇಬರ್ ಟೊಟೊರೊ' ಎಂಬದರಲ್ಲಿ ತಾಯಿಯು ಆಸ್ಪತ್ರೆಯಲ್ಲಿರುವಾಗ ಹಳ್ಳಿಯ ಮನೆಗೆ ಬಂದ ಅಕ್ಕತಂಗಿಯರು ಕಾಡಿನ ದೊಡ್ಡದೊಂದು ರೋಮದ ಪ್ರಾಣಿಯ ಸ್ನೇಹ ಬೆಳೆಸುತ್ತಾರೆ, ದುಷ್ಟರೆಂಬವರೇ ಅದರಲ್ಲಿಲ್ಲ, ನಾಲ್ಕು ವರುಷದ ಮಗುವೂ ನೋಡಬಹುದು. ತಕಾಹಾತರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಎಂಬದರಲ್ಲಿ 1945ರ ಬಾಂಬು ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣತಂಗಿಯರು ಹಸಿವೆಯಿಂದ ಸಾಯುತ್ತಾರೆ. ಮೊದಲನೆಯದನ್ನು ಮೆಚ್ಚಿದ ಕುಟುಂಬವೊಂದು ಎರಡನೆಯದನ್ನೂ ಹಾಗೆಯೇ ಎಂದುಕೊಂಡು ಹಾಕಿ, ರಾತ್ರಿಯೆಲ್ಲಾ ಸಣ್ಣ ಮಗಳನ್ನು ಸಮಾಧಾನಪಡಿಸಬೇಕಾಯಿತೆಂದು ನಮಗೆ ತಿಳಿಸಿದ್ದಾರೆ. ಅದು ಶ್ರೇಷ್ಠವಾದ ಚಿತ್ರವೇ ಸರಿ, ಆದರೆ ಪ್ರೌಢರಿಗೆ.

ಆದುದರಿಂದ ಚಿತ್ರದ ಆರಂಭದಲ್ಲಿ ತೋರಿಸುವ ಪ್ರಮಾಣಪತ್ರವನ್ನು ಓದುವ ವಾಡಿಕೆ ಮಾಡಿಕೊಳ್ಳಿರಿ. 'ಯು' ಎಂದರೆ ಎಲ್ಲರಿಗೂ, 'ಎ' ಎಂದರೆ ವಯಸ್ಕರಿಗೆ ಮಾತ್ರ. ನಡುವಿನ 'ಯುಎ' ಎಂಬದು ಹಿರಿಯರು ವಿಚಾರಿಸಿ ತೋರಿಸಬೇಕೆಂಬ ಸೂಚನೆ. 2024ರ ನಿಯಮಗಳಿಂದ ಅದನ್ನು 7, 13, 16 ವರುಷಗಳಿಗೆ ತಕ್ಕಂತೆ ಮೂರಾಗಿ ವಿಭಾಗಿಸಿದ್ದಾರೆ. ಅಂತರ್ಜಾಲದ ಮೂಲಕ ಮನೆಗೆ ಬರುವ ಚಿತ್ರಗಳಿಗೆ ಇಂಥದೇ ಗುರುತನ್ನು ಅದನ್ನು ಪ್ರಕಟಿಸುವವರೇ ಹಾಕಬೇಕೆಂದು 2021ರಿಂದ ನಿಯಮವಿದೆ. ಗುರುತು ಒಂದು ಸಹಾಯವಷ್ಟೇ. ನಿಮ್ಮ ಮಗಳು ಕತ್ತಲೆಗೆ ಹೆದರುವಳೋ ನಾಯಿಗೆ ಹೆದರುವಳೋ ಎಂಬದು ಪ್ರಮಾಣಪತ್ರ ಕೊಡುವವರಿಗೆ ಗೊತ್ತಿರುವದಿಲ್ಲ.

ಭಾಷೆಯ ವಿಷಯವಾಗಿ ಒಂದು ಮಾತು. ಮಕ್ಕಳು ನೋಡುವ ಕಾರ್ಟೂನುಗಳಲ್ಲಿ ಬಹಳವು ಹಿಂದೀ ಇಲ್ಲವೆ ಇಂಗ್ಲಿಷಿನವು. ಅಜ್ಜಿಗೆ ತಿಳಿಯದೆಂದು ಆಕೆಯನ್ನು ಬೇರೆ ಕೋಣೆಯಲ್ಲಿ ಧಾರಾವಾಹಿ ನೋಡಲು ಬಿಡಬೇಡಿರಿ. ಪಕ್ಕದಲ್ಲಿ ಕೂರಿಸಿಕೊಂಡು ಮೊಮ್ಮಗಳು ಕನ್ನಡದಲ್ಲಿ ಹೇಳುತ್ತ ಹೋಗಲಿ. ನಗೆಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತಂದು ಅಜ್ಜಿಯನ್ನು ನಗಿಸಬಲ್ಲವಳಿಗೆ ಭಾಷಾಂತರದ ಪ್ರಶ್ನೆಯಲ್ಲಿ ನಾವು ಕಣ್ಣು ಮುಚ್ಚಿ ಪೂರ್ಣಾಂಕ ಕೊಡುವೆವು. ಅಜ್ಜಿಯೂ ಸುಮ್ಮನಿರುವದಿಲ್ಲ. ಆ ಬೆಕ್ಕಿನ ಜಾಗದಲ್ಲಿ ತಮ್ಮೂರಿನ ಶಾನುಭೋಗನನ್ನು ಇಟ್ಟು ಇನ್ನೂ ಚಂದವಾದ ಕಥೆಯೊಂದನ್ನು ಹೇಳಿಬಿಡುತ್ತಾರೆ.

ಕಳೆದ ವರುಷ ಡಿಸೆಂಬರಿನಲ್ಲಿ ಬೋರ್ಡಿಂಗಿನ ಎರಡು ಬಿಳಿಯ ಹೊದಿಕೆಗಳನ್ನು ಹೊಲಿದು ಪರದೆ ಮಾಡಿ, ಹಿಂದೆ ದೀಪವಿಟ್ಟು, ಒಂಬತ್ತನೆಯ ತರಗತಿಯವರು ತಾವೇ ಕತ್ತರಿಸಿದ ರಟ್ಟಿನ ಬೊಂಬೆಗಳಿಂದ ಅರ್ಧ ಗಂಟೆಯ ಆಟವೊಂದನ್ನು ಆಡಿ ತೋರಿಸಿದರು. ಬೊಂಬೆಗಳು ಈಗಲೂ ಹೊಲಿಗೆಯ ಕೋಣೆಯ ಬೀರುವಿನ ಕೆಳಗಿನ ಹಲಗೆಯ ಮೇಲಿವೆ. ಮನೆಯಲ್ಲಿ ಒಂದು ಶನಿವಾರ ಆಡಿಸಿ ನೋಡಬೇಕೆನ್ನುವವರು ಶುಕ್ರವಾರ ಸಾಯಂಕಾಲ ಕೇಳಿ ಒಯ್ಯಬಹುದು. ಸೋಮವಾರ ಹಿಂದಕ್ಕೆ ತಂದುಕೊಡಬೇಕು. ರಾಕ್ಷಸನ ಎಡಗೈಯ ಸಂದು ಸಡಿಲವಾಗಿದೆ, ಜೋಪಾನ.